ಅಕ್ಷರ ಹೇಳುವುದೆಷ್ಟು, ಗುರುತು ಹೇಳುವುದೆಷ್ಟು: ಬೆಳಗಾವಿ–ಖಾನಾಪುರದ ಬಹುಭಾಷಾ ಪಠ್ಯ ಮತ್ತು ಸುಗಮ್ಯ ಜಾಲಪುಟದ ಪೂರ್ವಚರಿತ್ರೆ

ಖಾನಾಪುರ ತಾಲ್ಲೂಕಿನ ಹಲಸಿಯು ಆದಿಕದಂಬರ ಕಾಲದಲ್ಲಿ ಪಲಾಶಿಕಾ ಎಂದು ಹೆಸರಾಗಿದ್ದ ಊರು. ಅಲ್ಲಿ ದೊರೆತು, ಜೆ.ಎಫ್. ಫ್ಲೀಟ್ ಅವರಿಂದ 1870ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಗೊಂಡ ತಾಮ್ರಪಟಗಳು ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮರ ಕಾಲದ ದಾನಗಳನ್ನು ದಾಖಲಿಸುತ್ತವೆ. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ ಸಂಗತಿ ನಮಗೆ ತಿಳಿದಿರುವುದು ಇವುಗಳಿಂದಲೇ. ಈ ಪಟಗಳ ಲಿಪಿ ಕನ್ನಡ ಲಿಪಿಯ ಪೂರ್ವರೂಪ, ಭಾಷೆ ಸಂಸ್ಕೃತ. ಅದೇ ರಾಜವಂಶದ ಕಾಲದ, ಸುಮಾರು 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ ಸಂಸ್ಕೃತ ಶ್ಲೋಕವೊಂದು ಮುಗಿದ ಕೂಡಲೇ ಕನ್ನಡ ಗದ್ಯ ಆರಂಭವಾಗುತ್ತದೆ. ಲಿಪಿ ಬದಲಾಗುವುದಿಲ್ಲ, ‘ಇಲ್ಲಿಂದ ಭಾಷೆ ಬೇರೆ’ ಎಂದು ಸೂಚಿಸುವ ಚಿಹ್ನೆಯೂ ಇಲ್ಲ. ಪ್ರಶಸ್ತಿ ಸಂಸ್ಕೃತದಲ್ಲಿ, ದಾನದ ವಿವರ ಕನ್ನಡದಲ್ಲಿ ಎಂಬ ಪದ್ಧತಿ ಮುಂದಿನ ಶತಮಾನಗಳ ಶಾಸನಗಳಲ್ಲಿ ಸಾಮಾನ್ಯವಾಯಿತು. ಭಾಷೆಯ ಗಡಿಯನ್ನು ಗುರುತಿಸುವ ಹೊಣೆ ಓದುಗನದಾಗಿತ್ತು, ಅವನಿಗೆ ಅದು ಹೊರೆಯೂ ಆಗಿರಲಿಲ್ಲ.

ಆ ಹೊಣೆಯನ್ನು ಬರಹದ ರೂಪಕ್ಕೆ ತಂದವರು ಆಧುನಿಕ ಶಾಸನತಜ್ಞರು. ‘ಎಪಿಗ್ರಾಫಿಯಾ ಇಂಡಿಕಾ’ದ ಸಂಪುಟಗಳನ್ನು ಬಳಸಿದವರಿಗೆಲ್ಲ ಪರಿಚಿತವಾದ ಒಂದು ಕ್ರಮವಿದೆ. ಪಾಠವನ್ನು ಕೊಡುವ ಮುನ್ನ ಸಂಪಾದಕರು ಲಿಪಿ ಯಾವುದೆಂದು ಒಂದು ವಾಕ್ಯದಲ್ಲಿಯೂ ಭಾಷೆ ಯಾವುದೆಂದು ಇನ್ನೊಂದು ವಾಕ್ಯದಲ್ಲಿಯೂ ಹೇಳುತ್ತಾರೆ. ಈ ಎರಡು ವಾಕ್ಯಗಳು ಸಾಮಾನ್ಯವಾಗಿ ಒಂದಾಗುವುದಿಲ್ಲ. ಶಾಸನಶಾಸ್ತ್ರದ ಈ ಸರಳ ಶಿಸ್ತೇ ಇಂದಿನ ಜಾಲಪುಟಗಳ ಅರ್ಥಸೂಚಕ ಗುರುತುಗಳ ಪ್ರಶ್ನೆಗೆ ಅತ್ಯಂತ ಸಮೀಪದ ಪೂರ್ವೋದಾಹರಣೆ ಎಂದು ನಾವು ಭಾವಿಸುತ್ತೇವೆ. ಕಣ್ಣಿನಿಂದ ಓದುವವನು ಒಂದೆರಡು ಪದಗಳಲ್ಲಿ ಭಾಷೆಯನ್ನು ಹಿಡಿದುಬಿಡುತ್ತಾನೆ. ಕಿವಿಯಿಂದ ಓದುವವನಿಗೂ ಪಠ್ಯಕ್ಕೂ ನಡುವೆ ಒಂದು ಯಂತ್ರವಿದೆ; ಯಾವ ಭಾಷೆಯ ಉಚ್ಚಾರದಲ್ಲಿ ಓದಬೇಕೆಂಬುದನ್ನು ಆ ಯಂತ್ರಕ್ಕೆ ಯಾರಾದರೂ ಮೊದಲೇ ಹೇಳಿರಬೇಕು. ಬರಹದ ಪ್ರತಿಯೊಂದು ತಂತ್ರವೂ ಅಕ್ಷರ ಎಷ್ಟನ್ನು ಹೇಳಬೇಕು, ಅಕ್ಷರದ ಹೊರಗಿನ ಗುರುತು ಎಷ್ಟನ್ನು ಹೇಳಬೇಕು ಎಂಬ ಹಂಚಿಕೆಯನ್ನು ತನ್ನದೇ ರೀತಿಯಲ್ಲಿ ಮಾಡಿಕೊಂಡಿದೆ. ಆ ಹಂಚಿಕೆಯ ಚರಿತ್ರೆಯನ್ನು, ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಬೆಳಗಾವಿ ನಗರ ಮತ್ತು ಖಾನಾಪುರವನ್ನು ಎದುರಿಗಿಟ್ಟುಕೊಂಡು, ಇಲ್ಲಿ ಪರಿಶೀಲಿಸಿದ್ದೇವೆ.

ಲಿಪಿಯಿಲ್ಲದ ಅಕ್ಷರ

1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಭಾರತೀಯ ಭಾಷೆಗಳಿಗೆಲ್ಲ ಒಂದೇ ಚುಕ್ಕಿ ವ್ಯವಸ್ಥೆಯನ್ನು ಒದಗಿಸಿತು. ಕನ್ನಡದ ‘ಕ’ ಮತ್ತು ಮರಾಠಿಯ ‘ಕ’ ಎರಡೂ ಒಂದನೆಯ ಹಾಗೂ ಮೂರನೆಯ ಚುಕ್ಕಿಗಳ ಒಂದೇ ಕೋಶ. ಬೆಳಗಾವಿಯಲ್ಲಿ ಕನ್ನಡ ಶಾಲೆಯ ಅಂಧ ವಿದ್ಯಾರ್ಥಿ ಮತ್ತು ಮರಾಠಿ ಶಾಲೆಯ ಅಂಧ ವಿದ್ಯಾರ್ಥಿ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಬೆರಳಾಡಿಸಿ ಉಚ್ಚರಿಸಬಲ್ಲರು. ಅರ್ಥವಾಗುವುದು ಬಿಡುವುದು ಬೇರೆ ಮಾತು. ಫಲಕಗಳ ಮೇಲಿನ ಲಿಪಿಯ ಬಗ್ಗೆ ಇಷ್ಟೊಂದು ಚರ್ಚೆ ನಡೆಯುವ ನಗರದಲ್ಲಿ, ಲಿಪಿಭೇದವೇ ಇಲ್ಲದ ಒಂದು ಬರಹ ದಶಕಗಳಿಂದ ಸದ್ದಿಲ್ಲದೆ ಇದೆ ಎಂಬುದನ್ನು ಗಮನಿಸಿದವರು ಕಡಿಮೆ.

ಗಣಕಯಂತ್ರದ ಮೊದಲ ಭಾರತೀಯ ಮಾನಕವೂ ಇದೇ ತತ್ತ್ವದ ಮೇಲೆ ನಿಂತಿತ್ತು. ಇಸ್ಕಿ ಸಂಕೇತವು 1988ರಲ್ಲಿ ರೂಪ ತಳೆದು, 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಅದರಲ್ಲಿ ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ. ‘ಕ’ಕಾರಕ್ಕೆ ಒಂದೇ ಸಂಖ್ಯೆ, ಅದು ಕನ್ನಡವಾಗಿ ಕಾಣಬೇಕೋ ದೇವನಾಗರಿಯಾಗಿ ಕಾಣಬೇಕೋ ಎಂಬುದನ್ನು ಪಠ್ಯದ ನಡುವೆ ಇಡುವ ಪ್ರತ್ಯೇಕ ಸಂಕೇತವೊಂದು ತಿಳಿಸುತ್ತಿತ್ತು. ಅಂದರೆ ಧ್ವನಿ ಅಕ್ಷರದಲ್ಲಿ, ಲಿಪಿ ಗುರುತಿನಲ್ಲಿ. ಭಾಷೆಯ ಮಾತೇ ಇಲ್ಲ.

ಯುನಿಕೋಡ್ ಈ ಹಂಚಿಕೆಯನ್ನು ಬದಲಿಸಿತು. ಇಸ್ಕಿಯ ಅಕ್ಷರಕ್ರಮವನ್ನೇ ಬಹುಮಟ್ಟಿಗೆ ಅನುಸರಿಸಿದರೂ ಪ್ರತಿ ಲಿಪಿಗೂ ಬೇರೆ ಬೇರೆ ಸ್ಥಾನವನ್ನು ಕೊಟ್ಟಿತು. ಲಿಪಿ ಅಕ್ಷರದೊಳಗೆ ಸೇರಿತು. ಭಾಷೆ ಹೊರಗೇ ಉಳಿಯಿತು. ಅದನ್ನೂ ಅಕ್ಷರಸಾಲಿನೊಳಗೆ ತರುವ ಪ್ರಯತ್ನವೊಂದು ನಡೆಯದೆ ಇರಲಿಲ್ಲ. 2001ರ ಯುನಿಕೋಡ್ 3.1 ಆವೃತ್ತಿಯಲ್ಲಿ ಭಾಷೆಯನ್ನು ಸೂಚಿಸುವ ಅಗೋಚರ ಅಕ್ಷರಗಳನ್ನು ಸೇರಿಸಲಾಯಿತು. ಆ ಬಳಕೆಯನ್ನು ಕೆಲವೇ ವರ್ಷಗಳಲ್ಲಿ ಕೈಬಿಡಲಾಯಿತು. ಅವೇ ಅಕ್ಷರಗಳು ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಪುಟ್ಟ ಬಾವುಟದ ಚಿತ್ರಗಳನ್ನು ಮೂಡಿಸುವ ಕೆಲಸಕ್ಕೆ ನೇಮಕಗೊಂಡಿವೆ. ಭಾಷೆಯನ್ನು ಗುರುತಿಸುವುದು ಪಠ್ಯವನ್ನು ಸುತ್ತುವರಿಯುವ ಗುರುತುಭಾಷೆಯ, ಅಂದರೆ ಎಚ್‌ಟಿಎಂಎಲ್‌ನಂಥ ವ್ಯವಸ್ಥೆಯ, ಕೆಲಸವೆಂಬುದು ಅಲ್ಲಿಗೆ ನಿರ್ಧಾರವಾಯಿತು.

ಅಕ್ಷರಶೈಲಿಯೇ ಭಾಷೆಯಾದ ಕಾಲ

ಈ ನಿರ್ಧಾರಗಳು ಕನ್ನಡದ ದೈನಂದಿನ ಬರಹಕ್ಕೆ ತಲುಪಲು ಬಹುಕಾಲ ಹಿಡಿಯಿತು. 1990ರ ದಶಕದ ಕೊನೆಯಿಂದ ಮುಂದಿನ ಹತ್ತು ಹದಿನೈದು ವರ್ಷಗಳವರೆಗೆ ಕಚೇರಿ, ಮುದ್ರಣಾಲಯ, ಪತ್ರಿಕೆಗಳ ಕನ್ನಡವು ಬರಹ, ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿತ್ತು. ಇವು ಕನ್ನಡಕ್ಕೆ ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ತಲೆಮಾರಿನ ಸಂಶೋಧನ ಪ್ರಬಂಧಗಳೆಲ್ಲ ಅವುಗಳಲ್ಲಿಯೇ ಸಿದ್ಧವಾದವು. ಆದರೆ ಅವುಗಳ ಒಳಗಿನ ವ್ಯವಸ್ಥೆಯಲ್ಲಿ ಕನ್ನಡ ಅಕ್ಷರಗಳ ತುಣುಕುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬ ಮೂರಕ್ಷರವನ್ನು ಬರೆದರೆ ಯಂತ್ರದ ಸ್ಮೃತಿಯಲ್ಲಿ ಉಳಿಯುವುದು ಏಳು ಚಿಹ್ನೆಗಳು: ದೊಡ್ಡಕ್ಷರದ ಪಿ, ತಲೆಯ ಮೇಲೆ ಗೀಟುಳ್ಳ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಬರಹದ ಜೋಡಿ ಎಸ್, ಸಣ್ಣಕ್ಷರದ ಕ್ಯೂ, ಇನ್ನೊಮ್ಮೆ ಎ. ಕಣ್ಣಿಗೆ ಅದು ಸ್ವಚ್ಛ ಕನ್ನಡ. ಸ್ಕ್ರೀನ್ ರೀಡರ್‌ಗೆ ಸಿಗುವುದು ಆ ಏಳು ಚಿಹ್ನೆಗಳು ಮಾತ್ರ. ಅದು ಅವನ್ನೇ ಓದುತ್ತದೆ.

ಜಾಲಪುಟದಲ್ಲಿ ಇಂಥ ಪಠ್ಯ ಕನ್ನಡವಾಗಿ ತೋರುತ್ತಿದ್ದುದು ಅಕ್ಷರಶೈಲಿಯನ್ನು ಹೆಸರಿಸುವ ‘ಫಾಂಟ್’ ಎಂಬ ಟ್ಯಾಗಿನಿಂದ. ತೋರಿಕೆಗಾಗಿ ಹುಟ್ಟಿದ ಆ ಟ್ಯಾಗ್ ನಮ್ಮಲ್ಲಿ ಲಿಪಿಯ ಗುರುತೂ ಆಯಿತು, ಭಾಷೆಯ ಗುರುತೂ ಆಯಿತು. ಬೆಳಗಾವಿಯಂಥ ಊರಿನಲ್ಲಿ ಒಂದೇ ಪ್ರಕಟಣೆಯ ಕನ್ನಡ ಭಾಗ ಒಂದು ಅಕ್ಷರಶೈಲಿಯಲ್ಲಿ, ಮರಾಠಿ ಭಾಗ ಇನ್ನೊಂದರಲ್ಲಿ ಇರುತ್ತಿತ್ತು. ಎರಡೂ ಒಳಗೆ ರೋಮನ್ ಚಿಹ್ನೆಗಳೇ. ವ್ಯಂಗ್ಯವೆಂದರೆ, ಎಚ್‌ಟಿಎಂಎಲ್‌ನ ಕರ್ತೃಗಳು 1997ರ ಡಿಸೆಂಬರ್‌ನಲ್ಲಿ ಹೊರತಂದ ನಾಲ್ಕನೆಯ ಆವೃತ್ತಿಯಲ್ಲಿ ಈ ‘ಫಾಂಟ್’ ಟ್ಯಾಗನ್ನು ಬಳಸಬಾರದವುಗಳ ಸಾಲಿಗೆ ಸೇರಿಸಿದ್ದರು. ನಾವು ಅದನ್ನು ಅಪ್ಪಿಕೊಂಡದ್ದು ಅದರ ನಂತರ. ಇಂದಿಗೂ ಆ ಕಾಲದ ಕಡತಗಳು ಪಿಡಿಎಫ್ ರೂಪದಲ್ಲಿ ಅಲ್ಲಲ್ಲಿ ಉಳಿದುಕೊಂಡಿವೆ. ಯಾವ ಟ್ಯಾಗ್ ಹಚ್ಚಿದರೂ ಅವು ಕಿವಿಗೆ ಕನ್ನಡವಾಗುವುದಿಲ್ಲ. ಮೊದಲು ಅವನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು. ಅರ್ಥಸೂಚಕ ಗುರುತಿನ ಚರ್ಚೆ ಅಲ್ಲಿಂದಾಚೆಗಿನದು.

ಎರಡು ಮಾನಕಗಳ ನಡುವಿನ ಅದಲು ಬದಲು

ಅದೇ 1997ರ ಆವೃತ್ತಿ ‘ಲ್ಯಾಂಗ್’ ಎಂಬ ಗುಣಲಕ್ಷಣವನ್ನು ಹೆಚ್ಚುಕಡಿಮೆ ಎಲ್ಲ ಟ್ಯಾಗುಗಳಿಗೂ ವಿಸ್ತರಿಸಿತು. ಕನ್ನಡಕ್ಕೆ ‘ಕೆಎನ್’, ಮರಾಠಿಗೆ ‘ಎಂಆರ್’, ಹಿಂದಿಗೆ ‘ಎಚ್‌ಐ’, ಸಂಸ್ಕೃತಕ್ಕೆ ‘ಎಸ್‌ಎ’ ಎಂಬ ಎರಡಕ್ಷರದ ಸಂಕೇತಗಳು; ಕೊಂಕಣಿಗೆ ‘ಕೆಒಕೆ’ ಎಂಬ ಮೂರಕ್ಷರದ್ದು. ಒಂದು ಪುಟಕ್ಕೆ, ಒಂದು ಪರಿಚ್ಛೇದಕ್ಕೆ, ಬೇಕೆಂದರೆ ಒಂದೇ ಪದಕ್ಕೆ ಭಾಷೆಯನ್ನು ಹೇಳಬಹುದು.

1999ರ ಮೇ ತಿಂಗಳಲ್ಲಿ ಪ್ರಕಟವಾದ ಮೊದಲ ಅಂತರರಾಷ್ಟ್ರೀಯ ಜಾಲ ಸುಗಮ್ಯತಾ ಮಾರ್ಗಸೂಚಿಯು ಪಠ್ಯದ ನಡುವೆ ಭಾಷೆ ಬದಲಾಗುವುದನ್ನು ಗುರುತಿಸುವ ಕೆಲಸಕ್ಕೆ ಮೊದಲ ಆದ್ಯತೆಯನ್ನೂ, ಇಡೀ ಪುಟದ ಮುಖ್ಯ ಭಾಷೆಯನ್ನು ಗುರುತಿಸುವ ಕೆಲಸಕ್ಕೆ ಮೂರನೆಯ ಆದ್ಯತೆಯನ್ನೂ ಕೊಟ್ಟಿತ್ತು. 2008ರ ಡಿಸೆಂಬರ್‌ನ ಎರಡನೆಯ ಆವೃತ್ತಿಯಲ್ಲಿ ಈ ಕ್ರಮ ತಲೆಕೆಳಗಾಯಿತು: ಪುಟದ ಭಾಷೆ ಕನಿಷ್ಠ ಮಟ್ಟವಾದ ‘ಎ’ಯಲ್ಲಿ, ಭಾಗಗಳ ಭಾಷೆ ಅದರ ಮೇಲಿನ ‘ಎಎ’ ಮಟ್ಟದಲ್ಲಿ. ಏಕಭಾಷಾ ಪುಟಗಳೇ ಬಹುಪಾಲಾಗಿರುವ ಜಗತ್ತಿಗೆ ಎರಡನೆಯ ಕ್ರಮ ಸಹಜ. ಖಾನಾಪುರಕ್ಕೆ ಮೊದಲನೆಯದೇ ಸರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುವ ಒಂದು ಪ್ರಕಟಣೆಯ ನೆತ್ತಿಯ ಮೇಲೆ ‘ಕೆಎನ್’ ಎಂದು ಬರೆದುಬಿಟ್ಟರೆ ಕನಿಷ್ಠ ಮಟ್ಟ ಮುಟ್ಟಿದಂತಾಯಿತು. ಆದರೆ ಮರಾಠಿ ಪರಿಚ್ಛೇದ ಕನ್ನಡದ ಧ್ವನಿಯ ಕೈಗೆ ಸಿಗುತ್ತದೆ. ದೇವನಾಗರಿಯನ್ನು ಅರಿಯದ ಧ್ವನಿ ಕೆಲವೊಮ್ಮೆ ಆ ಪರಿಚ್ಛೇದವನ್ನು ಮೌನವಾಗಿ ದಾಟಿಬಿಡುತ್ತದೆ. ಅಲ್ಲಿ ಏನೋ ಇತ್ತೆಂಬುದೂ ಕೇಳುಗನಿಗೆ ತಿಳಿಯುವುದಿಲ್ಲ.

ಇದಕ್ಕೆ ಬರುವ ಸಾಮಾನ್ಯ ಉತ್ತರವೆಂದರೆ, ಯಂತ್ರ ಈಗ ಲಿಪಿಯನ್ನು ನೋಡಿ ಭಾಷೆಯನ್ನು ತಾನೇ ಊಹಿಸಬಲ್ಲದು, ಗುರುತಿನ ಶ್ರಮ ಏಕೆ ಎಂಬುದು. ಕನ್ನಡ ಲಿಪಿಯ ಮಟ್ಟಿಗೆ ಈ ಊಹೆ ಬಹುತೇಕ ನಿಜವಾಗುತ್ತದೆ. ದೇವನಾಗರಿಯ ಮಟ್ಟಿಗೆ ಅದು ಅನೇಕ ವೇಳೆ ಹಿಂದಿಯಲ್ಲಿ ಕೊನೆಗೊಳ್ಳುತ್ತದೆ. ಮರಾಠಿಯಲ್ಲಿ ಗಾಲಿ ಎಂಬರ್ಥದ ‘ಚಾಕ’ದ ಮೊದಲ ವ್ಯಂಜನ ‘ತ್ಸ’ದಂತೆ, ನಾಲ್ಕು ಎಂಬರ್ಥದ ‘ಚಾರ’ದ್ದು ತಾಲವ್ಯ ‘ಚ’ಕಾರ, ಬರಹದಲ್ಲಿ ಎರಡೂ ಒಂದೇ ಅಕ್ಷರ. ಹಿಂದಿಯ ಧ್ವನಿಗೆ ಈ ಭೇದವೇ ಇಲ್ಲ. ‘ಜ್ಞ’ವನ್ನು ಹಿಂದಿ ‘ಗ್ಯ’ ಎನ್ನುತ್ತದೆ, ಮರಾಠಿ ‘ದ್ನ್ಯ’ ಎನ್ನುತ್ತದೆ. ‘ಳ’ಕಾರ ಶಿಷ್ಟ ಹಿಂದಿಯಲ್ಲಿ ಇಲ್ಲ; ಬೆಳಗಾವಿಯ ಮರಾಠಿ ಹೆಸರಿನಲ್ಲಿಯೇ ಅದು ಇದೆ. ಹಲಸಿಯ ತಾಮ್ರಪಟದ ಸಂಸ್ಕೃತ ಪಾಠವನ್ನು ದೇವನಾಗರಿಯಲ್ಲಿ ಕೊಡುವ ಪುಟವೊಂದರಲ್ಲಿ ‘ಎಸ್‌ಎ’ ಗುರುತಿಲ್ಲದಿದ್ದರೆ ಮೃಗೇಶವರ್ಮನ ಜಿನಾಲಯವು ‘ಜಿನಾಲಯ್’ ಎಂದು ಅಂತ್ಯಸ್ವರವನ್ನು ಕಳೆದುಕೊಳ್ಳುತ್ತದೆ. ಶ್ಲೋಕವಾದರೆ ಛಂದಸ್ಸೂ ಮುರಿಯುತ್ತದೆ.

ಲಿಪಿಯಿಂದ ಭಾಷೆಯನ್ನು ಊಹಿಸುವ ವಿಧಾನ ಸಂಪೂರ್ಣವಾಗಿ ಸೋಲುವುದು ಅಂಕೆಗಳಲ್ಲಿ. ‘12’ ಎಂಬುದಕ್ಕೆ ಭಾಷೆಯಿಲ್ಲ. ಸುತ್ತಣ ಗುರುತು ‘ಕೆಎನ್’ ಆದರೆ ಅದು ಹನ್ನೆರಡು, ‘ಎಂಆರ್’ ಆದರೆ ಬಾರಾ, ಏನೂ ಇಲ್ಲದಿದ್ದರೆ ಬಹುಶಃ ಟ್ವೆಲ್ವ್. ಇದು ಸಣ್ಣ ಸಂಗತಿಯೆಂದು ತೋರಬಹುದು. ಮರಾಠಿಯಲ್ಲಿ ಜಮೀನಿನ ಹಕ್ಕುಪತ್ರದ ಹೆಸರೇ ‘ಸಾತ್‌ಬಾರಾ’; ಏಳು ಮತ್ತು ಹನ್ನೆರಡನೆಯ ನಮೂನೆಗಳಿಂದ ಬಂದ ಈ ಹೆಸರನ್ನು ಬರೆಯುವುದು ‘7/12’ ಎಂದು. ಮರಾಠಿ ಪರಿಚ್ಛೇದದೊಳಗಿನ ಆ ಅಂಕೆಗಳನ್ನು ಕನ್ನಡದ ಧ್ವನಿ ‘ಏಳು ಹನ್ನೆರಡು’ ಎಂದು ಓದಿದರೆ ಕೇಳುಗನಿಗೆ ಅದು ಭಿನ್ನರಾಶಿಯಾಗಿಯೋ ದಿನಾಂಕವಾಗಿಯೋ ತೋರೀತು. ಅದು ತನ್ನ ಹೊಲದ ಕಾಗದವೆಂದು ಹೊಳೆಯುವುದು ಕಷ್ಟ.

ಯಾವ ಪದ ಪರಭಾಷೆಯದು?

2008ರ ಮಾರ್ಗಸೂಚಿಯು ಭಾಗಗಳ ಭಾಷೆಯನ್ನು ಗುರುತಿಸುವ ನಿಯಮಕ್ಕೆ ಕೆಲವು ವಿನಾಯಿತಿಗಳನ್ನು ಕೊಡುತ್ತದೆ: ಅಂಕಿತನಾಮಗಳು, ಪಾರಿಭಾಷಿಕ ಪದಗಳು, ಯಾವ ಭಾಷೆಯದೆಂದು ನಿರ್ಧರಿಸಲಾಗದ ಪದಗಳು, ಮತ್ತು ಸುತ್ತಲಿನ ಪಠ್ಯದ ಆಡುನುಡಿಯಲ್ಲಿ ಸೇರಿಹೋದ ಪದಗಳು. ತಂತ್ರಜ್ಞರು ಒಂದು ಸಾಲಿನಲ್ಲಿ ದಾಟುವ ಈ ವಿನಾಯಿತಿ ಭಾಷಾವಿಜ್ಞಾನಿಗಳಿಗೆ ಹಳೆಯ ರಣಭೂಮಿ. ಸ್ವೀಕರಣ ಎಲ್ಲಿ ಮುಗಿಯುತ್ತದೆ, ಸಂಕೇತ ಮಿಶ್ರಣ ಎಲ್ಲಿ ಆರಂಭವಾಗುತ್ತದೆ?

ಬೆಳಗಾವಿ ಸೀಮೆಯ ಕನ್ನಡದಲ್ಲಿ ಸಂಬಳ ‘ಪಗಾರ’, ಕೋಣೆ ‘ಖೋಲಿ’, ರಜೆ ‘ಸೂಟಿ’, ಆಲೂಗಡ್ಡೆ ‘ಬಟಾಟಿ’, ಪಹಣಿ ‘ಉತಾರ’. ಪಗಾರವೂ ಬಟಾಟಿಯೂ ಪೋರ್ಚುಗೀಸಿನಿಂದ ಹೊರಟು ಮರಾಠಿಯ ದಾರಿಯಾಗಿ ಬಂದವು. ಇವಕ್ಕೆ ‘ಎಂಆರ್’ ಎಂಬ ಗುರುತು ಹಚ್ಚುವುದು ಧ್ವನಿಶಾಸ್ತ್ರದ ದೃಷ್ಟಿಯಿಂದಲೂ ತಪ್ಪು, ಸಮಾಜದ ದೃಷ್ಟಿಯಿಂದಲೂ ತಪ್ಪು: ಅವು ಇಲ್ಲಿ ಕನ್ನಡದ ವಿಭಕ್ತಿ ತೊಟ್ಟು ಕನ್ನಡದ ಬಾಯಲ್ಲಿ ಬೆಳೆದ ಪದಗಳು. ‘ಉತಾರದಾಗ ಹೆಸರು ಐತಿ’ ಎಂಬ ವಾಕ್ಯದಲ್ಲಿ ಭಾಷೆಯ ಗಡಿ ಇಲ್ಲವೇ ಇಲ್ಲ. ವ್ಯುತ್ಪತ್ತಿಯನ್ನು ಗುರುತಿನ ಆಧಾರವಾಗಿಸಿದರೆ ಧ್ವನಿ ಪ್ರತಿ ಮೂರನೆಯ ಪದಕ್ಕೆ ಕಂಠ ಬದಲಿಸಬೇಕಾದೀತು.

ಈ ಗಡಿಪ್ರದೇಶದ ಭಾಷಾಸಂಪರ್ಕದ ಮೇಲೆ ನಡೆದ ಅತಿ ಪ್ರಸಿದ್ಧ ಅಧ್ಯಯನ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರದು. ಸಾಂಗ್ಲಿ ಜಿಲ್ಲೆಯ ಕುಪವಾಡವನ್ನು ಕುರಿತ ಅವರ 1971ರ ಪ್ರಬಂಧವು ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಪದಕ್ಕೆ ಪದ ಹೊಂದುವಷ್ಟು ಸಮೀಪಿಸಿದೆ, ಭಾಷೆಗಳನ್ನು ಬೇರ್ಪಡಿಸಿ ಉಳಿಸಿರುವುದು ಬಹುಮಟ್ಟಿಗೆ ಪದರೂಪಗಳು ಎಂದು ತೋರಿಸಿತು. ಆ ನಿರ್ಣಯವನ್ನು ಬೆಳಗಾವಿಗೆ ಯಥಾವತ್ತಾಗಿ ಅನ್ವಯಿಸಲು ನಾವು ಸಿದ್ಧರಿಲ್ಲ. ನಗರದ ಶಾಲೆ, ಪತ್ರಿಕೆ, ಆಡಳಿತಗಳ ಒತ್ತಡ ಬೇರೆಯದು. ಆದರೂ ಗುರುತು ಹಚ್ಚುವವರಿಗೆ ಅದರಿಂದ ಒಂದು ಪ್ರಾಯೋಗಿಕ ಸೂತ್ರ ಸಿಗುತ್ತದೆ. ಪದ ಯಾವ ಭಾಷೆಯ ಪ್ರತ್ಯಯವನ್ನು ಹೊತ್ತಿದೆಯೋ ಆ ಭಾಷೆಯ ಧ್ವನಿಗೇ ಅದನ್ನು ಬಿಡಬೇಕು. ಇಡೀ ಪದಗುಚ್ಛ ಪರಭಾಷೆಯ ವ್ಯಾಕರಣದಲ್ಲಿದ್ದಾಗ, ಉದಾಹರಣೆಗೆ ಉದ್ಧರಣೆ, ಘೋಷಣೆ, ಗ್ರಂಥದ ಹೆಸರು ಇತ್ಯಾದಿಗಳಲ್ಲಿ, ಗುರುತು ಬೇಕು. ಊರಿನ ಹೆಸರಿನ ಪ್ರಶ್ನೆಯೂ ಇದರಿಂದಲೇ ಹಗುರವಾಗುತ್ತದೆ. 2014ರ ನವೆಂಬರ್ 1ರಿಂದ ಅಧಿಕೃತ ಇಂಗ್ಲಿಷ್ ರೂಪವೂ ಬೆಳಗಾವಿಯೆಂದಾಯಿತು; ಮರಾಠಿ ವಾಕ್ಯದೊಳಗೆ ಊರಿನ ಹೆಸರು ಯಾವ ರೂಪದಲ್ಲಿದ್ದರೂ ಮರಾಠಿಯ ಧ್ವನಿ ಅದನ್ನು ಓದಲಿ. ಗುರುತು ಉಚ್ಚಾರದ ಸೂಚನೆಯಷ್ಟೇ, ಹಕ್ಕಿನ ಸಾಧನೆಯಲ್ಲ.

ಆಯ್ಕೆಯ ಪ್ರಶ್ನೆ

ಇಂದು ಪುಟವನ್ನು ರಚಿಸುವವರ ಮುಂದೆ ಹಲವು ದಾರಿಗಳಿವೆ. ಎಚ್‌ಟಿಎಂಎಲ್‌ನದೇ ಆದ ಶೀರ್ಷಿಕೆ, ಪಟ್ಟಿ, ಕೋಷ್ಟಕ, 2014ರ ಐದನೆಯ ಆವೃತ್ತಿಯಲ್ಲಿ ಸೇರಿದ ಲೇಖನ, ಸಂಚಾರಪಟ್ಟಿ ಮುಂತಾದ ಭಾಗಸೂಚಕ ಟ್ಯಾಗುಗಳು ಒಂದು ದಾರಿ. ಅದೇ ವರ್ಷ ಮಾನಕವಾದ ‘ಏರಿಯಾ’ ಗುಣಲಕ್ಷಣಗಳನ್ನು ಅರ್ಥವಿಲ್ಲದ ಟ್ಯಾಗುಗಳಿಗೆ ತೊಡಿಸುವುದು ಇನ್ನೊಂದು. ಸ್ವಂತ ಟ್ಯಾಗ್ ಇರುವಲ್ಲಿ ಅದನ್ನೇ ಬಳಸಿ, ಇಲ್ಲದಿರುವಲ್ಲಿ ಮಾತ್ರ ಏರಿಯಾಕ್ಕೆ ಹೋಗಿ ಎಂಬುದು ಮಾನಕದ ಕರ್ತೃಗಳದೇ ಸಲಹೆ. ಅವರು ಕೊಡುವ ಕಾರಣಗಳು ತಾಂತ್ರಿಕ. ನಮ್ಮ ಪ್ರದೇಶಕ್ಕೆ ಇನ್ನೊಂದು, ಶುದ್ಧ ಭಾಷಿಕವಾದ, ಕಾರಣವಿದೆ: ಗುಣಲಕ್ಷಣದೊಳಗಿನ ಪಠ್ಯಕ್ಕೆ ಒಳಗುರುತು ಇಡಲಾಗುವುದಿಲ್ಲ. ಏರಿಯಾದ ಮೂಲಕ ಒಂದು ಗುಂಡಿಗೆ ಕೊಟ್ಟ ಹೆಸರಾಗಲಿ, ಚಿತ್ರಕ್ಕೆ ಕೊಟ್ಟ ಪರ್ಯಾಯ ವಿವರಣೆಯಾಗಲಿ ಇಡಿಯಾಗಿ ಒಂದೇ ಭಾಷೆಯದಾಗಿರಬೇಕು. ‘ಅರ್ಜಿ’ ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೆತ್ತಿದ ಫಲಕದ ಚಿತ್ರಕ್ಕೆ ಎರಡೂ ಭಾಷೆಗಳ ವಿವರಣೆ ಬೇಕಾದರೆ ಅದನ್ನು ಚಿತ್ರದ ಕೆಳಗೆ, ಎಲ್ಲರಿಗೂ ಕಾಣುವ ಪಠ್ಯವಾಗಿ, ಭಾಗ ಭಾಗಕ್ಕೆ ಗುರುತಿಟ್ಟು ಬರೆಯುವುದೇ ಮಾರ್ಗ.

ಪುಟದ ತಲೆಭಾಗದಲ್ಲಿ ‘ಈ ಪುಟ ಕನ್ನಡ, ಮರಾಠಿ ಓದುಗರಿಗಾಗಿ’ ಎಂದು ಘೋಷಿಸುವ ಹಳೆಯ ಪದ್ಧತಿಯೊಂದಿತ್ತು. ಅದು ಓದುಗವರ್ಗವನ್ನು ಹೇಳುತ್ತಿತ್ತೇ ಹೊರತು ಯಾವ ಸಾಲು ಯಾವ ಭಾಷೆಯದೆಂದು ಹೇಳುತ್ತಿರಲಿಲ್ಲ. ಹೊಸ ಆವೃತ್ತಿ ಅದನ್ನು ಕೈಬಿಟ್ಟಿದೆ, ಅದಕ್ಕಾಗಿ ದುಃಖಿಸಬೇಕಾಗಿಲ್ಲ.

ಕೋಷ್ಟಕದ ವಿಷಯ ಮಾತ್ರ ಸ್ವಲ್ಪ ನಿಂತು ನೋಡಬೇಕಾದದ್ದು. ರೈತನಿಗೆ ಉತಾರಕ್ಕಿಂತ ಮುಖ್ಯವಾದ ಬರಹ ಇನ್ನೊಂದಿಲ್ಲ. ಅದು ಮೂಲತಃ ಕೋಷ್ಟಕ. ಕಣ್ಣು ಮೇಲಿನ ತಲೆಬರಹವನ್ನೂ ಕೆಳಗಿನ ಅಂಕೆಯನ್ನೂ ಒಟ್ಟಿಗೆ ಹಿಡಿಯುತ್ತದೆ. ಕಿವಿಗೆ ಅವು ಒಂದರ ಹಿಂದೊಂದು ಬರುತ್ತವೆ. ತಲೆಬರಹದ ಕೋಶಗಳನ್ನು ದಪ್ಪಕ್ಷರದಿಂದ ಮಾತ್ರ ತೋರಿಸಿದ್ದರೆ ಕೇಳಿಬರುವುದು ‘ನಾಲ್ಕು, ಎರಡು, ಹನ್ನೆರಡು’. ಅವನ್ನು ತಲೆಬರಹಗಳೆಂದೇ ಗುರುತಿಸಿ, ಪ್ರತಿಯೊಂದೂ ಯಾವ ಕಂಬಕ್ಕೆ ಸೇರಿದ್ದೆಂದು ಹೇಳಿದ್ದರೆ ‘ಸರ್ವೆ ನಂಬರ್ ನಾಲ್ಕು, ಎಕರೆ ಎರಡು, ಗುಂಟೆ ಹನ್ನೆರಡು’. ಈ ಸೌಕರ್ಯವೂ 1997ರಷ್ಟು ಹಳೆಯದೇ. ತಲೆಬರಹ ಎರಡು ಭಾಷೆಗಳಲ್ಲಿದ್ದರೆ ಎರಡನ್ನೂ ಒಂದೇ ಕೋಶದಲ್ಲಿ ಓರೆಗೆರೆ ಹಾಕಿ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಆಗ ಪ್ರತಿ ಅಂಕೆಗೂ ಮುನ್ನ ಎರಡು ಭಾಷೆಗಳ ತಲೆಬರಹವನ್ನು ಕೇಳಬೇಕಾಗುತ್ತದೆ; ಇಪ್ಪತ್ತು ಸಾಲಿನ ಕೋಷ್ಟಕ ಕೇಳುಗನ ತಾಳ್ಮೆಯನ್ನು ಮೀರುತ್ತದೆ. ಪ್ರತಿ ಭಾಷೆಗೆ ಬೇರೆಯದೇ ಕೋಷ್ಟಕ ಕೊಡುವುದು ಕಾಗದದ ಮೇಲೆ ದುಂದು, ಜಾಲಪುಟದಲ್ಲಿ ವಿವೇಕ.

ಇವೆಲ್ಲಕ್ಕೂ ಬೇಕಾದ ಶ್ರವ್ಯ ಸಾಧನಗಳು ಈಗ ದುಬಾರಿಯಾಗಿಯೂ ಉಳಿದಿಲ್ಲ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಅದರೊಂದಿಗೆ ಬರುವ ಈಸ್ಪೀಕ್ ಕನ್ನಡವನ್ನೂ ಮರಾಠಿಯನ್ನೂ ಓದುತ್ತದೆ, ‘ಲ್ಯಾಂಗ್’ ಗುರುತು ಕಂಡಲ್ಲಿ ತಾನಾಗಿ ಭಾಷೆ ಬದಲಿಸುತ್ತದೆ. ಅದರ ಧ್ವನಿ ಕರ್ಕಶ ಎಂಬ ದೂರಿನಲ್ಲಿ ಹುರುಳಿದೆ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿಯೇ ಬಂದಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಮಾಹಿತಿಯ ಸುಗಮ್ಯತೆಯನ್ನು ಕಾನೂನಿನ ಮಾತಾಗಿಸಿತು. ಇವು ಸುಗಮ್ಯತೆಯನ್ನು ಕೇಳಬಲ್ಲವು; ಖಾನಾಪುರದ ಒಂದು ಪ್ರಕಟಣೆಯಲ್ಲಿ ಕನ್ನಡ ಎಲ್ಲಿ ಮುಗಿದು ಮರಾಠಿ ಎಲ್ಲಿ ಶುರುವಾಯಿತೆಂದು ಹೇಳಬಲ್ಲವನು ಅದನ್ನು ಬರೆದ ಗುಮಾಸ್ತನೇ.

ಉಳಿದಿರುವುದು ಕೊಂಕಣಿ. ಗೋವೆಯ ಗಡಿಗೆ ಹೊಂದಿಕೊಂಡ ಖಾನಾಪುರದಲ್ಲಿ ಅದು ಮನೆಮಾತು. ಬರಹದಲ್ಲಿ ಅದು ಕನ್ನಡ, ದೇವನಾಗರಿ, ರೋಮನ್ ಮೂರೂ ಲಿಪಿಗಳಲ್ಲಿ ಕಾಣಸಿಗುತ್ತದೆ. ಇಲ್ಲಿ ಎಪಿಗ್ರಾಫಿಯಾದ ಎರಡು ವಾಕ್ಯಗಳು ಮತ್ತೆ ಬೇಕಾಗುತ್ತವೆ. ಭಾಷಾಸಂಕೇತಗಳ ಈಗಿನ ಮಾನಕವು ಭಾಷೆಯ ಹೆಸರಿನ ಮುಂದೆ ನಾಲ್ಕಕ್ಷರದ ಲಿಪಿಸೂಚಕವನ್ನು ಸೇರಿಸಲು ಅವಕಾಶ ಕೊಡುತ್ತದೆ: ‘ಕೆಒಕೆ’ಯ ನಂತರ ಕನ್ನಡ ಲಿಪಿಗೆ ಒಂದು, ದೇವನಾಗರಿಗೆ ಇನ್ನೊಂದು, ರೋಮನ್‌ಗೆ ಮತ್ತೊಂದು. ಕನ್ನಡ ಲಿಪಿಯ ಕೊಂಕಣಿ ಪರಿಚ್ಛೇದವನ್ನು ಸುಮ್ಮನೆ ‘ಕೆಎನ್’ ಎಂದು ಗುರುತಿಸಿದರೆ ಇಂದು ಅದು ಕನ್ನಡದ ಧ್ವನಿಯಲ್ಲಿ ತಕ್ಕಮಟ್ಟಿಗೆ ಕೇಳಿಸುತ್ತದೆ. ಕೊಂಕಣಿಯೆಂದು ಗುರುತಿಸಿದರೆ, ಕೇಳುಗನ ಯಂತ್ರದಲ್ಲಿ ಆ ಲಿಪಿಯನ್ನು ಬಲ್ಲ ಕೊಂಕಣಿ ಧ್ವನಿ ಇಲ್ಲದಿದ್ದಲ್ಲಿ, ಏನು ಕೇಳಿಸುತ್ತದೆಂಬುದು ಆ ಯಂತ್ರದ ಮರ್ಜಿಗೆ ಬಿಟ್ಟದ್ದು. ಮೊದಲನೆಯದು ಈ ಹೊತ್ತಿಗೆ ಅನುಕೂಲ, ಆದರೆ ಸುಳ್ಳು. ಎರಡನೆಯದು ಸತ್ಯ, ಆದರೆ ಈ ಹೊತ್ತಿನ ಕೇಳುಗನಿಗೆ ಅಪಾಯಕಾರಿ. ನಮ್ಮೊಳಗೇ ಈ ಕುರಿತು ಒಮ್ಮತವಿಲ್ಲ. ದಾಖಲೆಯಾಗಿ ಉಳಿಯಬೇಕಾದ ಪಠ್ಯಗಳಲ್ಲಿ, ಅಂದರೆ ಪದಸಂಗ್ರಹ, ಕಥನ, ಹಾಡುಗಳಲ್ಲಿ, ನಿಜವಾದ ಗುರುತನ್ನೇ ಇಡಬೇಕೆಂದೂ, ಅರ್ಜಿಯ ಕೊನೆಯ ದಿನಾಂಕ ಹೇಳುವ ಪ್ರಕಟಣೆಗಳಲ್ಲಿ ಕೊಂಕಣಿ ಪಾಠದ ಕೆಳಗೇ ಕನ್ನಡ ಅಥವಾ ಮರಾಠಿ ಪಾಠವನ್ನೂ ತಪ್ಪದೆ ಕೊಡಬೇಕೆಂದೂ ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ.